ಕೊಂಬು ಯಾರು?

ಮೈಸೂರಿನ ನಮ್ಮ ಮನೆಯ ಷೋಕೇಸಿನಲ್ಲಿ ಒಂದು ಹಳೆಯ ಕ್ಯಾಸೆಟ್ ಇದೆ. ಅದನ್ನು ಹಾಕಿ ಕೇಳುವ ಯಂತ್ರ ಕೆಟ್ಟು ಎಷ್ಟೋ ವರ್ಷವಾಯಿತು, ಕ್ಯಾಸೆಟ್ಟನ್ನು ಮಾತ್ರ ಯಾರೂ ಎಸೆದಿಲ್ಲ. ಹೊದಿಕೆಯ ಮೇಲೆ ಹಳದಿ ಪಟ್ಟಿ. ಅದರೊಳಗೆ ರಷ್ಯಾದ ಸಂಗೀತ ರಚನಕಾರ ಚೈಕೋವ್‌ಸ್ಕಿಯ ಹೆಸರು, ಐದನೆಯ ಸಿಂಫನಿ, ಅಂದರೆ ವಾದ್ಯವೃಂದಕ್ಕೆಂದು ಬರೆದ ಹಲವು ಭಾಗಗಳ ದೊಡ್ಡ ರಚನೆ, ಎಂಬ ವಿವರ, ನುಡಿಸಿದ ಸೋವಿಯತ್ ರಷ್ಯಾದ ಲೆನಿನ್‌ಗ್ರಾಡ್ ಫಿಲ್ಹಾರ್ಮೋನಿಕ್ ವಾದ್ಯವೃಂದದ ಹೆಸರು, ಅದನ್ನು ನಡೆಸಿದ ಯೆವ್ಗೆನಿ ಮ್ರವಿನ್‌ಸ್ಕಿಯ ಹೆಸರು. ಒಳಗಿನ ಕಾಗದವನ್ನು ಬಿಡಿಸಿದರೆ ಮಡಿಕೆಯ ಪಕ್ಕದಲ್ಲಿ ಪೆನ್ಸಿಲಿನಿಂದ ಬರೆದ ಅಪ್ಪನ ಅಕ್ಷರ: ‘ಎರಡನೆಯ ಭಾಗ. ಕೊಂಬು ಯಾರು?’ ಪ್ರಶ್ನಾರ್ಥಕ ಚಿಹ್ನೆಯನ್ನು ಎರಡು ಸಲ ತೀಡಿದ್ದಾರೆ. ಆ ಪ್ರಶ್ನೆಗೆ ಉತ್ತರ ಸಿಗಲು ಇಪ್ಪತ್ತಾರು ವರ್ಷ ಬೇಕಾಯಿತು. ಸಿಕ್ಕ ಮೇಲೂ ಅದು ನನ್ನನ್ನು ಬಿಟ್ಟಿಲ್ಲ.

ಅಪ್ಪ ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿದ್ದವರು. ಸಂಗೀತವೆಂದರೆ ಅವರಿಗೆ ಕರ್ನಾಟಕ ಸಂಗೀತ. ಒಂಟಿಕೊಪ್ಪಲಿನ ಎಂಟನೇ ಕ್ರಾಸಿನ ಗಣೇಶೋತ್ಸವದ ಕಛೇರಿಗಳನ್ನು ಅವರು ತಪ್ಪಿಸಿಕೊಂಡದ್ದು ನನಗೆ ನೆನಪಿಲ್ಲ. ರಾತ್ರಿ ಮನೆಗೆ ಬಂದವರೇ ಊಟಕ್ಕೆ ಕೂರುವ ಮೊದಲು ಡೈರಿ ತೆರೆದು ಹಾಡಿದವರು, ಪಿಟೀಲು, ಮೃದಂಗ, ಘಟ ಎಂದು ಸಾಲಾಗಿ ಹೆಸರು ಬರೆಯುತ್ತಿದ್ದರು. ತಂಬೂರಿ ಹಿಡಿದು ಹಿಂದೆ ಕುಳಿತಿದ್ದ ಹುಡುಗಿಯ ಹೆಸರು ಗೊತ್ತಾಗದಿದ್ದರೆ ಮರುದಿನ ಯಾರನ್ನಾದರೂ ಕೇಳಿ ತುಂಬುತ್ತಿದ್ದರು. ಕಛೇರಿಯೆಂದರೆ ಅಲ್ಲಿ ಕುಳಿತ ಅಷ್ಟೂ ಜನರ ದುಡಿಮೆ, ಒಬ್ಬರ ಹೆಸರು ಬಿಟ್ಟರೂ ಸಾಲ ಉಳಿಸಿಕೊಂಡ ಹಾಗೆ ಎಂಬುದು ಅವರ ಲೆಕ್ಕ. ಇಂಥವರ ಕೈಗೆ ಆ ಕ್ಯಾಸೆಟ್ ಬಂದದ್ದು 1988ರಲ್ಲಿ, ವರ್ಗವಾಗಿ ಊರು ಬಿಡುತ್ತಿದ್ದ ಸಹೋದ್ಯೋಗಿಯೊಬ್ಬರಿಂದ. ಅಲ್ಲಿಯವರೆಗೆ ಹಿತ್ತಾಳೆ ವಾದ್ಯಗಳೆಂದರೆ ಅಪ್ಪನಿಗೆ ದಸರೆಯಲ್ಲಿ ಅರಮನೆಯ ಮುಂದೆ ನುಡಿಸುವ ಪೊಲೀಸ್ ಬ್ಯಾಂಡು, ಅಷ್ಟೇ. ಆರ್ಕೆಸ್ಟ್ರಾ ಎಂಬ ಮಾತಿಗೆ ನಮ್ಮ ಬೀದಿಯಲ್ಲಿದ್ದ ಅರ್ಥವೇ ಬೇರೆ, ಅದು ಗಣೇಶನ ಪೆಂಡಾಲಿನಲ್ಲಿ ಸಿನಿಮಾ ಹಾಡು ಹೇಳುವ ತಂಡ. ಅದಕ್ಕೇ ನಾನು ಇಲ್ಲಿ ವಾದ್ಯವೃಂದ ಎಂದೇ ಬರೆಯುತ್ತೇನೆ.

ಮೊದಲ ರಾತ್ರಿ ನೆನಪಿದೆ. ಮೊದಲ ಭಾಗದ ಅಬ್ಬರ ಅಪ್ಪನಿಗೆ ಹಿಡಿಸಲಿಲ್ಲ. ನಿಲ್ಲಿಸಲೆಂದು ಎದ್ದು ಹೋಗಿ ಗುಂಡಿಯ ಮೇಲೆ ಬೆರಳಿಟ್ಟರು. ಅಷ್ಟರಲ್ಲಿ ಎರಡನೆಯ ಭಾಗ ಶುರುವಾಯಿತು. ತಳದ ತಂತಿವಾದ್ಯಗಳು ಮೆಲ್ಲಗೆ ಒಂದರ ಮೇಲೊಂದು ಸ್ವರ ಹಾಸುತ್ತವೆ, ಸಂಜೆ ದೀಪ ಹಚ್ಚುವ ಮುಂಚೆ ನಡುಮನೆಯಲ್ಲಿ ತುಂಬಿಕೊಳ್ಳುವ ಕತ್ತಲೆಯ ಹಾಗೆ. ಆ ಕತ್ತಲೆಯೊಳಗಿಂದ ಒಂದೇ ಒಂದು ಹಾರ್ನ್, ಅಪ್ಪನ ಮಾತಿನಲ್ಲಿ ಕೊಂಬು, ಏಳುತ್ತದೆ. ಏರಿ ಹೋಗುವ ಆತುರ ಅದಕ್ಕಿಲ್ಲ. ಒಂದು ಮಾತು ಹೇಳಿ, ಸುಮ್ಮನಾಗಿ, ಅದೇ ಮಾತನ್ನು ಸ್ವಲ್ಪ ಮುಂದಕ್ಕೆ ಎಳೆದು ಮತ್ತೆ ಹೇಳುತ್ತದೆ. ಅದು ಉಸಿರು ತೆಗೆದುಕೊಳ್ಳುವ ಬಿಡುವಿನಲ್ಲಿ ಕ್ಲಾರಿನೆಟ್ ಸಣ್ಣದಾಗಿ ಹೂಂಗುಡುತ್ತದೆ. ಅಪ್ಪನ ಬೆರಳು ಗುಂಡಿಯ ಮೇಲೆಯೇ ಉಳಿಯಿತು, ಒತ್ತಲಿಲ್ಲ. ಮುಗಿದ ಮೇಲೆ ಹಿಂದಕ್ಕೆ ಸುತ್ತಿ ಅದನ್ನೇ ಇನ್ನೊಮ್ಮೆ ಹಾಕಿದರು. ಮುಂದಿನ ದಿನಗಳಲ್ಲಿ ಆ ಭಾಗ ಬರುವ ಹೊತ್ತಿಗೆ ಅಮ್ಮ ಮಿಕ್ಸಿ ಹಾಕುವಂತಿರಲಿಲ್ಲ. ಕೆಲವು ತಿಂಗಳಲ್ಲಿ ಆ ಒಂದು ಜಾಗದಲ್ಲಿ ಟೇಪು ಸವೆದು ಸದ್ದು ಮಸುಕಾಯಿತು.

‘ಈತ ಸ್ವರವನ್ನು ನಿಲ್ಲಿಸುತ್ತಿಲ್ಲ ಪುಟ್ಟಿ, ಸಾಕುತ್ತಿದ್ದಾನೆ’ ಎಂದಿದ್ದರು ಅಪ್ಪ. ನಿಜ, ಆ ಮುದ್ರಿಕೆಯಲ್ಲಿ ಹಾರ್ನಿನ ಸ್ವರ ಸ್ಥಿರವಾಗಿ ನಿಂತಿಲ್ಲ. ನೀರಿನ ಮೇಲೆ ಬಿದ್ದ ದೀಪದ ನೆರಳಿನಂತೆ ನವಿರಾಗಿ ಅಲುಗುತ್ತದೆ. ನಿಂತ ಸ್ವರ ನಮ್ಮ ಕಿವಿಗೆ ಬೋಳು ಬೋಳಾಗಿ ಕೇಳುತ್ತದೆ. ಗಮಕದಲ್ಲಿ ಬೆಳೆದ ಅಪ್ಪನಿಗೆ ಆ ಕಂಪನವೇ ಒಳಹೊಗುವ ಬಾಗಿಲಾಯಿತು. ಪಶ್ಚಿಮ ಯುರೋಪಿನಲ್ಲೂ ಅಮೆರಿಕದಲ್ಲೂ ಎಷ್ಟೋ ಕೇಳುಗರು ಸೋವಿಯತ್ ಹಾರ್ನಿನ ಇದೇ ಕಂಪನವನ್ನು ಕಂಡು ಮೂಗು ಮುರಿಯುತ್ತಿದ್ದರು ಎಂದು ನನಗೆ ಗೊತ್ತಾದದ್ದು ಬಹಳ ತಡವಾಗಿ. ಅಪ್ಪನಿಗೆ ಅದನ್ನು ನಾನು ಹೇಳಿಲ್ಲ. ಅಂದು ಅವರು ಕವರನ್ನು ತಿರುಗಿಸಿ, ಕಾಗದ ಬಿಡಿಸಿ, ಬೆಳಕಿಗೆ ಹಿಡಿದು ಹುಡುಕಿದರು. ಹೆಸರು ಇರಲಿಲ್ಲ. ‘ಊದಿದವನ ಹೆಸರು ಬಿಟ್ಟು ಕೋಲು ಆಡಿಸಿದವನ ಹೆಸರು ಹಾಕಿದ್ದಾರಲ್ಲ, ಇದು ಯಾವ ನ್ಯಾಯ?’ ಎಂದು ಕೇಳಿ ಪೆನ್ಸಿಲ್ ತೆಗೆದುಕೊಂಡರು.

ತುಟಿಯಲ್ಲಿರುವ ಸ್ವರ

ಅಪ್ಪನ ಪ್ರಶ್ನೆಯ ತೂಕ ತಿಳಿಯಬೇಕಾದರೆ ಹಾರ್ನ್ ಎಷ್ಟು ಕಷ್ಟದ ವಾದ್ಯ ಎಂದು ತಿಳಿಯಬೇಕು. ಸುರುಳಿ ಸುತ್ತಿದ ಹಿತ್ತಾಳೆಯ ಕೊಳವೆ ಅದು. ಎಫ್ ಶ್ರುತಿಯ ಹಾರ್ನನ್ನು ಬಿಚ್ಚಿ ಉದ್ದಕ್ಕೆ ಎಳೆದರೆ ಸುಮಾರು 3.7 ಮೀಟರ್ ಆಗುತ್ತದೆ. ಉದ್ದದ ಕೊಳವೆಯೊಂದು ತನ್ನಷ್ಟಕ್ಕೆ ಹೊರಡಿಸಬಲ್ಲ ಸ್ವರಗಳು ಕೆಳಗಿನ ಸ್ಥಾಯಿಯಲ್ಲಿ ದೂರ ದೂರ ಇರುತ್ತವೆ. ಮೇಲೆ ಹೋದಂತೆ ಹತ್ತಿರ ಹತ್ತಿರ ಬಂದು ಕೊನೆಗೆ ಒಂದರ ಮಗ್ಗುಲಲ್ಲಿ ಇನ್ನೊಂದು ಸೇರಿಕೊಳ್ಳುತ್ತವೆ. ಹಾರ್ನ್ ವಾದಕರು ಹೆಚ್ಚು ಹೊತ್ತು ಇರುವುದು ಈ ಇಕ್ಕಟ್ಟಿನ ಜಾಗದಲ್ಲಿಯೇ. ಪಿಯಾನೋದಲ್ಲಿ ಮನೆ ಒತ್ತಿದರೆ ಆ ಸ್ವರ ಬಂದೇ ಬರುತ್ತದೆ. ಹಾರ್ನಿನಲ್ಲಿ ಬೆರಳು ಎಲ್ಲಿದೆಯೋ ಅಲ್ಲೇ ಇದ್ದರೂ ಐದಾರು ಸ್ವರಗಳು ಬಾಗಿಲಲ್ಲಿ ಕಾಯುತ್ತಿರುತ್ತವೆ. ಯಾವುದನ್ನು ಒಳಗೆ ಬಿಡಬೇಕೆಂದು ನಿರ್ಧರಿಸುವುದು ತುಟಿಯ ಬಿಗಿ. ಆ ಬಿಗಿ ಕೂದಲೆಳೆಯಷ್ಟು ತಪ್ಪಿದರೆ ಪಕ್ಕದ ಸ್ವರ ನುಗ್ಗುತ್ತದೆ, ಸದ್ದು ಒಡೆಯುತ್ತದೆ. ಎರಡು ಸಾವಿರ ಜನ ಕುಳಿತ ಸಭೆಯಲ್ಲಿ, ಉಳಿದವರೆಲ್ಲ ಪಿಸುಮಾತಿನಷ್ಟು ಮೆತ್ತಗೆ ನುಡಿಸುತ್ತಿರುವಾಗ, ಆ ಒಡಕನ್ನು ಮುಚ್ಚಿಕೊಳ್ಳಲು ಒಂದು ಮರೆಯೂ ಇರುವುದಿಲ್ಲ.

ಶಿಕಾಗೋ ಸಿಂಫನಿ ಎಂಬ ವಾದ್ಯವೃಂದದಲ್ಲಿ 1944ರಿಂದ 1988ರವರೆಗೆ ಟ್ಯೂಬಾ ಎಂಬ ದೊಡ್ಡ ಹಿತ್ತಾಳೆ ವಾದ್ಯ ನುಡಿಸಿದ ಆರ್ನಲ್ಡ್ ಜೇಕಬ್ಸ್ ಹಿತ್ತಾಳೆ ವಾದಕರಿಗೆಲ್ಲ ಗುರುವಿನಂತಿದ್ದವರು. ಅವರ ಪಾಠದ ತಿರುಳು ನಮ್ಮ ಯಾವ ಸಂಗೀತದ ಮೇಷ್ಟ್ರಾದರೂ ಹೇಳಬಹುದಾದ ಮಾತು: ಮೊದಲು ಸ್ವರ ತಲೆಯೊಳಗೆ ಹಾಡಬೇಕು, ಉಸಿರು ಅದರ ಹಿಂದೆ ಬರುತ್ತದೆ, ತುಟಿ ಅದರ ಹಿಂದೆ. ಸ್ನಾಯುವಿನ ಬಗ್ಗೆ ಯೋಚಿಸಲು ಕುಳಿತರೆ ಕೆಟ್ಟಿತು. ಇದನ್ನು ಓದಿದಾಗ ನನಗೆ ಸಂತೋಷವಾಯಿತು, ಜೊತೆಗೆ ಹೆದರಿಕೆಯೂ ಆಯಿತು. ತಲೆಯೊಳಗೆ ಸ್ವರ ಸರಿಯಾಗಿ ಹಾಡದ ದಿನ ಆ ಮನುಷ್ಯ ಏನು ಮಾಡಬೇಕು? ಗಾಯಕರಿಗಾದರೆ ಗಂಟಲು ಕಟ್ಟಿದ ದಿನ ಶ್ರುತಿ ಇಳಿಸಿಕೊಳ್ಳುವ ದಾರಿಯಿದೆ, ಕೃತಿ ಬದಲಾಯಿಸುವ ದಾರಿಯಿದೆ. ಸಿಂಫನಿಯ ಹಾರ್ನ್ ವಾದಕರ ಮುಂದೆ ಅಚ್ಚಾದ ಸ್ವರಲಿಪಿ ಇದೆ, ಅವರ ಸರದಿ ಬರುವ ಕ್ಷಣ ನೂರು ಜನರಿಗೆ ಗೊತ್ತಿದೆ.

ಹಿಂದಿನ ಸಾಲು

2014ರಲ್ಲಿ ನಾನು ಕೆಲಸದ ಮೇಲೆ ಲಂಡನ್ನಿನಲ್ಲಿದ್ದೆ. ಅಲ್ಲಿನ ರಾಯಲ್ ಫೆಸ್ಟಿವಲ್ ಹಾಲ್‌ನಲ್ಲಿ ವೇದಿಕೆಯ ಹಿಂಭಾಗಕ್ಕೆ ಗಾಯನವೃಂದದವರು ಕೂರುವ ಸೀಟುಗಳಿವೆ. ಗಾಯನವೃಂದ ಇಲ್ಲದ ದಿನ ಅವನ್ನು ಕಡಿಮೆ ದರಕ್ಕೆ ಮಾರುತ್ತಾರೆ. ಅಲ್ಲಿ ಕುಳಿತರೆ ಕೋಲು ಆಡಿಸಿ ವಾದ್ಯವೃಂದವನ್ನು ನಡೆಸುವ ಕಂಡಕ್ಟರ್ ಮುಖ ನಮ್ಮ ಕಡೆಗೆ, ವಾದಕರ ಬೆನ್ನು ನಮ್ಮ ಕಡೆಗೆ. ಹಾರ್ನಿನ ಅಗಲವಾದ ಬಾಯಿ ಹಿಂದಕ್ಕೆ ತಿರುಗಿರುವುದರಿಂದ ಆ ಸೀಟಿನಲ್ಲಿ ಕುಳಿತವರಿಗೆ ಹಾರ್ನ್ ನೇರವಾಗಿ ಎದೆಗೇ ಬಡಿಯುತ್ತದೆ. ಸಂಗೀತದ ಹದ ಕೆಡುತ್ತದೆಂದು ಬಲ್ಲವರು ಅಲ್ಲಿ ಕೂರುವುದಿಲ್ಲ. ನಾನು ಹುಡುಕಿಕೊಂಡು ಹೋಗಿ ಅಲ್ಲೇ ಟಿಕೆಟ್ ತೆಗೆದುಕೊಂಡೆ, ಏಕೆಂದರೆ ಅಂದು ಚೈಕೋವ್‌ಸ್ಕಿಯ ಐದನೆಯ ಸಿಂಫನಿ ಇತ್ತು.

ಮೊದಲ ಹಾರ್ನ್ ಕುರ್ಚಿಯಲ್ಲಿ ಸುಮಾರು ಮೂವತ್ತರ ಹೆಣ್ಣುಮಗಳು ಕುಳಿತಿದ್ದರು. ಸ್ವರಲಿಪಿಯಲ್ಲಿ ನಾಲ್ಕು ಹಾರ್ನ್ ಇದ್ದರೂ ಅಲ್ಲಿ ಐದು ಜನ ಇದ್ದರು. ಐದನೆಯವರು ಆಕೆಯ ಮಗ್ಗುಲಲ್ಲಿ ಕುಳಿತು, ಮೊದಲ ಭಾಗದ ಜೋರಿನ ಜಾಗಗಳಲ್ಲಿ ಆಕೆಯ ಪಾಲನ್ನು ತಾವು ನುಡಿಸುತ್ತಿದ್ದರು. ಆಗ ಆಕೆ ವಾದ್ಯವನ್ನು ತೊಡೆಯ ಮೇಲಿಟ್ಟುಕೊಂಡು ತುಟಿಗೆ ವಿಶ್ರಾಂತಿ ಕೊಡುತ್ತಿದ್ದರು. ಮುಂದೆ ಬರಲಿರುವ ಎರಡು ಮೂರು ನಿಮಿಷಕ್ಕಾಗಿ ಒಬ್ಬ ಸಂಗಾತಿ ಭಾರ ಹೊರುವ ಈ ಪದ್ಧತಿ ನನಗೆ ಗೊತ್ತೇ ಇರಲಿಲ್ಲ. ಮೊದಲ ಭಾಗ ಮುಗಿಯಿತು. ಸಭೆ ಕೆಮ್ಮಿತು. ಆಕೆ ಒಂದು ಸಣ್ಣ ಕೊಳವೆಯನ್ನು ಕಿತ್ತು, ಹಾರ್ನನ್ನು ಸ್ಟಿಯರಿಂಗಿನಂತೆ ಒಂದು ಸುತ್ತು ತಿರುಗಿಸಿ, ಒಳಗೆ ಕೂಡಿದ್ದ ನೀರನ್ನು ನೆಲಕ್ಕೆ ಬಿಟ್ಟರು. ನಾಲ್ಕೈದು ಹನಿ. ಕೊಳವೆ ಹಾಕಿದರು. ಅನುಮಾನ ಹೋಗದೆ ಮತ್ತೆ ಕಿತ್ತು ಇನ್ನೊಮ್ಮೆ ಕೊಡವಿದರು. ಬಲಗೈಯನ್ನು ಕಪ್ಪು ಪ್ಯಾಂಟಿಗೆ ಒರೆಸಿಕೊಂಡು ಹಾರ್ನಿನ ಬಾಯೊಳಗೆ ತೂರಿಸಿದರು. ತಂತಿವಾದ್ಯಗಳು ಶುರುವಾದವು. ಆಕೆಯ ಹೆಗಲು ಒಮ್ಮೆ ಏರಿ ಇಳಿದದ್ದು ನನಗೆ ಹಿಂದಿನಿಂದ ಕಂಡಿತು.

ಮೊದಲ ಸ್ವರ ಬರುವ ಹೊತ್ತಿಗೆ ನಾನೂ ಉಸಿರು ಹಿಡಿದಿದ್ದೆ. ಎಂಟು ಅಡಿ ದೂರದಲ್ಲಿ, ಯಾವ ಯಂತ್ರದ ಮಧ್ಯಸ್ಥಿಕೆಯೂ ಇಲ್ಲದೆ, ಅಪ್ಪನ ಟೇಪು ಸವೆದ ಆ ಜಾಗ ಹೊಸದಾಗಿ ಹುಟ್ಟುತ್ತಿತ್ತು. ಆಕೆಯ ಸ್ವರದಲ್ಲಿ ಕಂಪನ ಇರಲಿಲ್ಲ. ಮೂರನೆಯ ಸಾಲಿನಲ್ಲಿ ಒಂದು ಸ್ವರ ಹುಟ್ಟುವಾಗ ಸಣ್ಣದಾಗಿ ತಡವರಿಸಿತು, ನಿದ್ದೆಯಿಂದ ಎದ್ದವರ ಮೊದಲ ಮಾತಿನ ಹಾಗೆ, ಆಮೇಲೆ ಸರಿಯಾಗಿ ನಿಂತಿತು. ಅದು ತಪ್ಪೆಂದು ನನಗೆ ಅನ್ನಿಸಲಿಲ್ಲ, ಇವತ್ತಿಗೂ ಅನ್ನಿಸುವುದಿಲ್ಲ. ಸ್ಟುಡಿಯೋದಲ್ಲಿ ಮುದ್ರಿಸಿಕೊಳ್ಳುವಾಗ ಅದೇ ಸಾಲನ್ನು ಹಲವು ಸಲ ನುಡಿಸಿ ಒಳ್ಳೆಯದನ್ನು ಆರಿಸಿ ಅಂಟಿಸುತ್ತಾರೆ. ಕೇಳುವವರಿಗೆ ಸಿಗುವುದು ಒಡಕಿಲ್ಲದ ಹಾರ್ನ್. ಅದರ ಜೊತೆಗೆ, ಇದು ಒಡೆಯಬಹುದಿತ್ತು ಎಂಬ ಅರಿವನ್ನೂ ಕತ್ತರಿಸಿ ತೆಗೆದಿರುತ್ತಾರೆ. ಆ ಅರಿವು ಇಲ್ಲದೆ ಈ ಸಂಗೀತದ ಅರ್ಧ ಪ್ರಾಣ ಇಲ್ಲ ಎಂದು ನಾನು ನಂಬುತ್ತೇನೆ. ಸಿಂಫನಿ ಮುಗಿದ ಮೇಲೆ ಕಂಡಕ್ಟರ್ ಮೊಟ್ಟಮೊದಲು ಕೈ ಚಾಚಿ ಎಬ್ಬಿಸಿ ನಿಲ್ಲಿಸಿದ್ದು ಆಕೆಯನ್ನು. ಸಭೆ ಗುಡುಗಿತು. ಕಾರ್ಯಕ್ರಮದ ಪುಸ್ತಕದ ಕೊನೆಯಲ್ಲಿ ಎಲ್ಲ ವಾದಕರ ಹೆಸರೂ ಇತ್ತು. ಹಾರ್ನ್ ಎಂಬಲ್ಲಿ ಬೆರಳಿಟ್ಟು ಆಕೆಯ ಹೆಸರನ್ನು ಎರಡು ಸಲ ಓದಿದೆ. ಅಪ್ಪನ ಡೈರಿ ನೆನಪಾಯಿತು.

ಪಕ್ಕದಲ್ಲಿ ಕುಳಿತಿದ್ದ ಹಿರಿಯರು ನನ್ನ ಬೆರಳನ್ನು ನೋಡಿ ಮಾತಿಗೆ ಬಂದರು. ತಾವೂ ಹವ್ಯಾಸಕ್ಕೆ ಹಾರ್ನ್ ಊದುತ್ತಿದ್ದವರು, ಹಲ್ಲು ಹೋದ ಮೇಲೆ ಬಿಟ್ಟೆ ಎಂದರು. ನಾನು ಮೈಸೂರಿನ ಕ್ಯಾಸೆಟ್ಟಿನ ಕಥೆ ಹೇಳಿದೆ. ಮ್ರವಿನ್‌ಸ್ಕಿ, ಲೆನಿನ್‌ಗ್ರಾಡ್, ಹಳದಿ ಪಟ್ಟಿ ಎನ್ನುತ್ತಿದ್ದಂತೆ ಅವರು ತಲೆಯಾಡಿಸಿದರು. ಅದು 1960ರ ಮುದ್ರಿಕೆ, ವಾದ್ಯವೃಂದ ಪ್ರವಾಸದಲ್ಲಿದ್ದಾಗ ವಿಯೆನ್ನಾದಲ್ಲಿ ಮಾಡಿಕೊಂಡದ್ದು, ಹಾರ್ನ್ ವಿತಾಲಿ ಬುಯಾನೋವ್‌ಸ್ಕಿಯದು ಎಂದರು. ಯಾವುದೋ ಮನೆಯ ವಿಳಾಸ ಹೇಳಿದಷ್ಟು ಸಲೀಸಾಗಿ. ತಂದೆಯೂ ಹಾರ್ನ್ ವಾದಕರು, ಮಗನೂ ಹಾರ್ನ್ ವಾದಕರು, ಊರೇ ಆ ಊದಿಗೆಯ ಊರು. ಬುಯಾನೋವ್‌ಸ್ಕಿ 1993ರಲ್ಲಿ ತೀರಿಕೊಂಡರು. ಅಂದರೆ ಅಪ್ಪ ಪೆನ್ಸಿಲಿನಲ್ಲಿ ಆ ಪ್ರಶ್ನೆ ಬರೆದ ರಾತ್ರಿ ಅವರು ಬದುಕಿದ್ದರು. ಇದು ನನಗೆ ಈಗಲೂ ಸಂಕಟದ ವಿಷಯ.

ಮೊದಲ ಸ್ವರವೇ ಒಂಟಿಯಾದಾಗ

ಒಂದು ಹೆಸರು ಸಿಕ್ಕ ಮೇಲೆ ಉಳಿದ ಹೆಸರುಗಳನ್ನು ಹುಡುಕುವ ಚಟ ಹತ್ತಿತು. ಹಾರ್ನಿನಿಂದ ಟ್ರಂಪೆಟ್ಟಿಗೆ ಬಂದೆ. ಚೈಕೋವ್‌ಸ್ಕಿಯ ಹಾರ್ನಿಗಾದರೂ ಕೆಳಗೆ ತಂತಿವಾದ್ಯಗಳ ಹಾಸು ಇದೆ. ಆಸ್ಟ್ರಿಯಾದ ಸಂಗೀತ ರಚನಕಾರ ಮಾಹ್ಲರನ ಐದನೆಯ ಸಿಂಫನಿಯ ಮೊದಲಿಗೆ ಏನೂ ಇಲ್ಲ. ಕಂಡಕ್ಟರ್ ಸನ್ನೆ ಮಾಡುತ್ತಾರೆ, ಒಂದು ಟ್ರಂಪೆಟ್ ಬರಿಯ ಮೌನದೊಳಗೆ ನುಗ್ಗುತ್ತದೆ. ಮೂರು ಗಿಡ್ಡ ಸ್ವರ, ಒಂದು ಉದ್ದ ಸ್ವರ. ಮತ್ತೆ ಮೂರು, ಒಂದು. ಶವಯಾತ್ರೆಯ ಮುಂದೆ ನಡೆಯುವ ಕಹಳೆ ಅದು. ಮಾಹ್ಲರ್ ಬೆಳೆದ ಈಗಿನ ಚೆಕ್ ದೇಶದ ಯಿಹ್ಲಾವಾ ಪಟ್ಟಣದಲ್ಲಿ ಸೇನೆಯ ಪಾಳೆಯವಿತ್ತು, ಮಿಲಿಟರಿ ಬ್ಯಾಂಡಿನ ಸದ್ದು ಹುಡುಗನ ಕಿವಿಯಲ್ಲಿ ಕೊನೆಯವರೆಗೂ ಉಳಿಯಿತು. ಆ ಮೂರು ಗಿಡ್ಡ ಸ್ವರಗಳನ್ನು ಮಿಲಿಟರಿ ಕಹಳೆಯವರ ರೀತಿಯಲ್ಲಿ ಸ್ವಲ್ಪ ಓಡಿಸಿ ನುಡಿಸಬೇಕೆಂದು ಸ್ವರಲಿಪಿಯಲ್ಲೇ ಆತ ಬರೆದಿಟ್ಟಿದ್ದಾನೆ. 1904ರಲ್ಲಿ ಕಲೋನ್ ನಗರದಲ್ಲಿ ಮೊದಲ ಸಲ ಅದನ್ನು ನಡೆಸಿದ್ದೂ ಆತನೇ.

ನನ್ನ ಬಳಿ ಇರುವುದು ಕಂಡಕ್ಟರ್ ಗೆಯಾರ್ಗ್ ಶೋಲ್ಟಿ ಶಿಕಾಗೋ ಸಿಂಫನಿಯೊಡನೆ 1970ರಲ್ಲಿ ಮಾಡಿದ ಮುದ್ರಿಕೆ. ಕವರಿನಲ್ಲಿ ಶೋಲ್ಟಿ. ಟ್ರಂಪೆಟ್ ಅಡಾಲ್ಫ್ ಹರ್ಸೆತ್ ಅವರದು, ಜಗತ್ತಿನ ಟ್ರಂಪೆಟ್ ವಾದಕರೆಲ್ಲ ಬಡ್ ಎಂದು ಕರೆಯುತ್ತಿದ್ದವರು. 1948ರಲ್ಲಿ ಆ ಕುರ್ಚಿಯಲ್ಲಿ ಕುಳಿತು 2001ರವರೆಗೆ ಅಲ್ಲೇ ಇದ್ದರು, ಐವತ್ಮೂರು ವರ್ಷ. ಇದರ ನಡುವೆ 1952ರಲ್ಲಿ ಕಾರು ಅಪಘಾತವಾಗಿ ಹಲ್ಲುಗಳು ಹೋದವು, ತುಟಿ ಸೀಳಿ ಹೊಲಿಗೆ ಬಿತ್ತು. ಟ್ರಂಪೆಟ್ ವಾದಕರ ತುಟಿ ಹೋಯಿತೆಂದರೆ ವೀಣೆಯವರ ಬೆರಳು ಹೋದ ಹಾಗೆ. ಅವರು ಕೆಲವು ತಿಂಗಳಲ್ಲಿ ಮರಳಿ ಬಂದು ಅದೇ ಕುರ್ಚಿಯಲ್ಲಿ ಕುಳಿತರು. ಆ ಮುದ್ರಿಕೆಯ ಆರಂಭವನ್ನು ಕೇಳುವಾಗ, ಇದು ಹೊಲಿದು ಕೂಡಿಸಿದ ತುಟಿಯಿಂದ ಬರುತ್ತಿರುವ ಸದ್ದು ಎಂದು ನನಗೆ ಪ್ರತಿ ಸಲ ನೆನಪಾಗುತ್ತದೆ. ಆ ಸದ್ದಿನಲ್ಲಿ ನೋವಿನ ಸುಳಿವೇ ಇಲ್ಲ. ಅಗಲವಾದ, ದುಂಡಗಿನ, ಬಿಸಿಲಿನಂಥ ಸ್ವರ. ಆಮೇಲೆ ಇಡೀ ವಾದ್ಯವೃಂದ ಅದರ ಮೇಲೆ ಬೀಳುತ್ತದೆ. ಹರ್ಸೆತ್ ಗುಂಪಿನೊಳಗೆ ಸೇರಿ ಕಾಣದಾಗುತ್ತಾರೆ. ಈ ಮರಳುವಿಕೆ ನನ್ನನ್ನು ಬಹಳ ಕಾಡುತ್ತದೆ. ತನಿ ಆವರ್ತನ ಮುಗಿದಾಗ ಮೃದಂಗದವರು ಚಪ್ಪಾಳೆ ಸ್ವೀಕರಿಸಿ ಕೈ ಜೋಡಿಸುತ್ತಾರೆ. ಇವರಿಗೆ ಅದೂ ಇಲ್ಲ. ಅತಿ ಎತ್ತರದ ಮಾತನ್ನು ಹೇಳಿ ಮುಗಿಸಿದ ಮರುಕ್ಷಣ ಪುಟ ತಿರುಗಿಸಿ, ಇನ್ನೊಬ್ಬರ ಸ್ವರಕ್ಕೆ ಒತ್ತಾಸೆಯಾಗಿ ನಿಲ್ಲಬೇಕು.

ಪರದೆಯ ಆ ಕಡೆ

ಹೆಸರು ಮುಚ್ಚುವುದು ಯಾವಾಗಲೂ ಅನ್ಯಾಯ ಎಂದೂ ಹೇಳಲಾರೆ. 1980ರಲ್ಲಿ ಮ್ಯೂನಿಕ್ ಫಿಲ್ಹಾರ್ಮೋನಿಕ್ ಟ್ರಾಂಬೋನ್ ಎಂಬ ಹಿತ್ತಾಳೆ ವಾದ್ಯದ ಮೊದಲ ಕುರ್ಚಿಗೆ ಆಯ್ಕೆ ನಡೆಸಿತು. ಅಭ್ಯರ್ಥಿಗಳನ್ನು ಪರದೆಯ ಹಿಂದೆ ನಿಲ್ಲಿಸಿ ನುಡಿಸಲು ಹೇಳಿದರು. ಅಮೆರಿಕದ ಆ್ಯಬಿ ಕೊನಾಂಟ್ ಅವರಿಗೆ ಬಂದಿದ್ದ ಕರೆಪತ್ರದಲ್ಲಿ ಗಂಡಸಿಗೆ ಬರೆಯುವ ‘ಹೆರ್’ ಎಂಬ ಸಂಬೋಧನೆಯೇ ಇತ್ತು. ಪರದೆಯ ಆ ಕಡೆ ಯಾರಿದ್ದಾರೆಂದು ತಿಳಿಯದೆ, ಸದ್ದನ್ನು ಮಾತ್ರ ಕೇಳಿ, ಅವರನ್ನೇ ಆರಿಸಿದರು. ಹೊರಬಂದದ್ದು ಹೆಂಗಸು. ಒಂದೆರಡು ವರ್ಷಗಳಲ್ಲೇ, ಕಂಡಕ್ಟರ್ ಸೆರ್ಜು ಚೆಲಿಬಿದಾಕೆಯ ಇಚ್ಛೆಯಂತೆ, ಅವರನ್ನು ಎರಡನೆಯ ಕುರ್ಚಿಗೆ ಇಳಿಸಿದರು. ಆಕೆ ನ್ಯಾಯಾಲಯಕ್ಕೆ ಹೋದರು. ಊದುವ ಬಲ ಇದೆ ಎಂದು ತೋರಿಸಲು ಶ್ವಾಸಕೋಶದ ಪರೀಕ್ಷೆಗೂ ಒಳಗಾದರು. ವರ್ಷಾನುಗಟ್ಟಲೆ ನಡೆದ ವ್ಯಾಜ್ಯದಲ್ಲಿ ಮೊದಲ ಕುರ್ಚಿಯನ್ನೂ ಸರಿಸಮ ಸಂಬಳವನ್ನೂ ಗೆದ್ದು, 1993ರಲ್ಲಿ ಆ ವಾದ್ಯವೃಂದವನ್ನು ಬಿಟ್ಟು ಪಾಠ ಹೇಳಲು ಹೊರಟರು.

ಫೆಸ್ಟಿವಲ್ ಹಾಲ್‌ನಲ್ಲಿ ನನ್ನ ಮುಂದೆ ಕುಳಿತಿದ್ದ ಹೆಣ್ಣುಮಗಳ ಹೆಗಲು ಏರಿ ಇಳಿದದ್ದನ್ನು ನೆನೆದಾಗಲೆಲ್ಲ ಈ ಕಥೆಯೂ ನೆನಪಿಗೆ ಬರುತ್ತದೆ. ಪರದೆ ಹೆಸರನ್ನು ಮುಚ್ಚಿದ್ದು ಕಿವಿ ಪ್ರಾಮಾಣಿಕವಾಗಿ ಕೇಳಲೆಂದು. ಕವರು ಹೆಸರನ್ನು ಬಿಟ್ಟದ್ದು ಯಾರಿಗೂ ಅದು ಬೇಕೆನ್ನಿಸದೆ. ಒಂದಕ್ಕೊಂದು ಸಂಬಂಧವೇ ಇಲ್ಲ. ಆಯ್ಕೆ ಮುಗಿಯುವವರೆಗೆ ಹೆಸರು ಮುಚ್ಚಿರಲಿ, ಮುದ್ರಿಕೆ ಹೊರಬಂದ ದಿನ ತೆರೆಯಲಿ ಎನ್ನುವುದು ನನ್ನ ಆಸೆ. ಅದು ಆಗದ ಮಾತೂ ಅಲ್ಲ. ಕಂಡಕ್ಟರ್ ಯಾಷಾ ಹೊರೆನ್‌ಸ್ಟೈನ್ 1970ರಲ್ಲಿ ಲಂಡನ್ ಸಿಂಫನಿಯೊಡನೆ ಮುದ್ರಿಸಿದ ಮಾಹ್ಲರನ ಮೂರನೆಯ ಸಿಂಫನಿಯ ವಿವರಗಳಲ್ಲಿ ಹಾಡಿದವರ ಹೆಸರಿನ ಜೊತೆಗೇ ಟ್ರಾಂಬೋನ್ ಡೆನ್ನಿಸ್ ವಿಕ್, ಫ್ಲೂಗಲ್‌ಹಾರ್ನ್ ವಿಲಿಯಂ ಲ್ಯಾಂಗ್ ಎಂದಿದೆ. ಮೊದಲ ಭಾಗದಲ್ಲಿ ವಿಕ್ ಅವರ ಟ್ರಾಂಬೋನ್ ಭೂಮಿ ಬಾಯಿಬಿಟ್ಟು ಮಾತಾಡಿದಂತೆ ಕೇಳುತ್ತದೆ. ಮೂರನೆಯ ಭಾಗದಲ್ಲಿ ದೂರದಿಂದ, ಟಪ್ಪಾಲು ಗಾಡಿಯ ಕಹಳೆಯೊಂದು ಗುಡ್ಡದಾಚೆ ಕೇಳಿಬರುವಂತೆ ಲ್ಯಾಂಗ್ ಊದುತ್ತಾರೆ. ಅವರು ಯಾರ್ಕ್‌ಷೈರಿನ ಬ್ಲ್ಯಾಕ್ ಡೈಕ್ ಮಿಲ್ಸ್ ಬ್ಯಾಂಡಿನಲ್ಲಿ, ಅಂದರೆ ಉಣ್ಣೆಯ ಗಿರಣಿಯೊಂದರ ಬ್ಯಾಂಡಿನಲ್ಲಿ ಪಳಗಿದವರು. ಹೆಸರು ತಿಳಿದದ್ದರಿಂದ ಆ ಗಿರಣಿ ನನಗೆ ಗೊತ್ತಾಯಿತು. ಗಿರಣಿ ಗೊತ್ತಾದ ಮೇಲೆ ಆ ಸ್ವರದ ಸಾದಾತನಕ್ಕೆ, ಸಂಜೆ ಕೆಲಸ ಬಿಟ್ಟು ಮನೆಗೆ ನಡೆಯುವವರ ಸಮಾಧಾನದಂಥ ಅದರ ಲಯಕ್ಕೆ ಒಂದು ಊರು ಸಿಕ್ಕಿತು.

ಮೈಸೂರಿಗೆ ಹೊರಟ ತಟ್ಟೆಗಳು

ಹುಡುಕುತ್ತಾ ಹೋದರೆ ದಾರಿ ನಮ್ಮ ಮನೆಯ ಬಾಗಿಲಿಗೇ ಬಂದು ನಿಂತಿತು. ಹಾರ್ನ್ ಎಂದ ಮೇಲೆ ಡೆನ್ನಿಸ್ ಬ್ರೇನ್ ಹೆಸರು ಬರಲೇಬೇಕು. ಹುಟ್ಟಿದ್ದು 1921ರಲ್ಲಿ, ಲಂಡನ್ನಿನಲ್ಲಿ, ಹಾರ್ನ್ ವಾದಕರ ಮನೆಯಲ್ಲಿ. ತಾತ, ತಂದೆ, ದೊಡ್ಡಪ್ಪ ಎಲ್ಲರದೂ ಅದೇ ವಾದ್ಯ. 1945ರಲ್ಲಿ ವಾಲ್ಟರ್ ಲೆಗ್ ಕಟ್ಟಿದ ಫಿಲ್ಹಾರ್ಮೋನಿಯಾ ವಾದ್ಯವೃಂದದ ಮೊದಲ ಹಾರ್ನ್ ಕುರ್ಚಿ ಅವರದಾಗಿತ್ತು. ಕಂಡಕ್ಟರ್ ಕರಾಯನ್ ಅದೇ ವಾದ್ಯವೃಂದದೊಡನೆ 1950ರ ದಶಕದ ಆರಂಭದಲ್ಲಿ ಮುದ್ರಿಸಿದ ಚೈಕೋವ್‌ಸ್ಕಿಯ ಐದನೆಯದರಲ್ಲಿ ಬ್ರೇನ್ ಅವರನ್ನು ಕೇಳಿ. ಬುಯಾನೋವ್‌ಸ್ಕಿಯ ಅಲುಗಾಟ ಇಲ್ಲಿಲ್ಲ, ಪಳಗಿದ ಕೈ ರಂಗೋಲಿಯ ಎಳೆ ಎಳೆದಂತೆ ಸ್ವರ ಹರಿಯುತ್ತದೆ. 1953ರಲ್ಲಿ ಅದೇ ಕರಾಯನ್ ಜೊತೆ ಮೊತ್ಸಾರ್ಟನ ಹಾರ್ನ್ ಕನ್ಚೆರ್ಟೋಗಳನ್ನು, ಅಂದರೆ ಹಾರ್ನೇ ಮುಂದೆ ನಿಲ್ಲುವ ರಚನೆಗಳನ್ನು, ಮುದ್ರಿಸಿದಾಗ ಬ್ರೇನ್ ಹೆಸರು ಕವರಿನಲ್ಲಿ ದೊಡ್ಡದಾಗಿ ಬಂತು. ಅದೇ ಮನುಷ್ಯ, ಅದೇ ಕಂಡಕ್ಟರ್, ಅದೇ ಉಸಿರು. ಒಂದು ಗ್ರಾಮಫೋನ್ ತಟ್ಟೆಯಲ್ಲಿ ಹೆಸರಿದೆ, ಇನ್ನೊಂದರಲ್ಲಿಲ್ಲ. 1957ರ ಸೆಪ್ಟೆಂಬರ್ 1ರಂದು, ಎಡಿನ್‌ಬರೋದಲ್ಲಿ ಹಿಂದಿನ ರಾತ್ರಿ ಚೈಕೋವ್‌ಸ್ಕಿಯ ಆರನೆಯ ಸಿಂಫನಿ ನುಡಿಸಿ, ತಾವೇ ಕಾರು ಓಡಿಸಿಕೊಂಡು ಲಂಡನ್ನಿಗೆ ಮರಳುವಾಗ ಕಾರು ಮರಕ್ಕೆ ಬಡಿದು ಬ್ರೇನ್ ತೀರಿಕೊಂಡರು. ಮೂವತ್ತಾರು ವರ್ಷ.

ಆ ಫಿಲ್ಹಾರ್ಮೋನಿಯಾದ ಎಳೆಯ ದಿನಗಳಲ್ಲಿ ಹಣ ಕೊಟ್ಟು ನಿಲ್ಲಿಸಿದವರಲ್ಲಿ ಮುಖ್ಯರು ಮೈಸೂರಿನ ಜಯಚಾಮರಾಜ ಒಡೆಯರು. ಫಿಲ್ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರೂ ಅವರೇ. ಅವರು ರಚಿಸಿದ ಕೃತಿಗಳನ್ನು ಅಪ್ಪ ಎಷ್ಟೋ ಸಲ ಗುನುಗುತ್ತಿದ್ದರು, ಅವರ ಈ ಇನ್ನೊಂದು ಮುಖ ನಮ್ಮ ಮನೆಗೆ ಗೊತ್ತಿರಲಿಲ್ಲ. 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಜರ್ಮನಿಯ ಸಂಗೀತ ರಚನಕಾರ ರಿಚರ್ಡ್ ಸ್ಟ್ರೌಸನ ಕೊನೆಯ ನಾಲ್ಕು ಹಾಡುಗಳು ಮೊದಲ ಸಲ ಕೇಳಿಬಂದವು. ಹಾಡಿದವರು ಕಿರ್ಸ್ಟನ್ ಫ್ಲಾಗ್‌ಸ್ಟಾಡ್, ನಡೆಸಿದವರು ಫುರ್ಟ್‌ವೆಂಗ್ಲರ್, ನುಡಿಸಿದ್ದು ಫಿಲ್ಹಾರ್ಮೋನಿಯಾ, ಖರ್ಚಿಗೆ ಭರವಸೆ ನಿಂತವರು ಒಡೆಯರು. ಅವರಿಗೆ ಅಲ್ಲಿಗೆ ಹೋಗಲಾಗಲಿಲ್ಲ. ಕಾರ್ಯಕ್ರಮವನ್ನು ಮುದ್ರಿಸಿ ತಟ್ಟೆಗಳನ್ನು ಮೈಸೂರಿಗೆ ಕಳುಹಿಸುವುದು ಎಂಬ ಏರ್ಪಾಡಾಗಿತ್ತು. ಆ ಹಾಡುಗಳಲ್ಲಿ ‘ಸೆಪ್ಟೆಂಬರ್’ ಎಂಬುದು ಮುಗಿಯುವುದು ಹಾರ್ನಿನಿಂದ. ಬೇಸಿಗೆ ಕಣ್ಣು ಮುಚ್ಚಿತು ಎಂದು ಹಾಡಿ ಗಾಯಕಿ ನಿಲ್ಲಿಸುತ್ತಾರೆ, ಮಾತು ಮುಗಿದ ಜಾಗದಿಂದ ಹಾರ್ನ್ ಮುಂದುವರಿಯುತ್ತದೆ. ಸ್ಟ್ರೌಸನ ತಂದೆ ಫ್ರಾಂಟ್ಸ್ ಸ್ಟ್ರೌಸ್ ಮ್ಯೂನಿಕ್ಕಿನ ಆಸ್ಥಾನದ ಹಾರ್ನ್ ವಾದಕ. ಎಂಬತ್ತನಾಲ್ಕರ ಮುದುಕ ತನ್ನ ಕೊನೆಯ ಹಾಡುಗಳಲ್ಲೊಂದನ್ನು ಅಪ್ಪನ ವಾದ್ಯದ ಕೈಗಿತ್ತು ಮುಗಿಸಿದ. ಮರುವರ್ಷ ತೀರಿಕೊಂಡ, ಆ ಹಾಡುಗಳನ್ನು ಕೇಳದೆಯೇ.

ಆ ರಾತ್ರಿಯ ಮುದ್ರಣ ಈಗಲೂ ಸಿಗುತ್ತದೆ. ಕರಕರ ಸದ್ದು, ಮುಸುಕು, ಅಲ್ಲಲ್ಲಿ ಗಾಯಕಿಯ ದನಿಯೇ ಮುಳುಗಿಹೋಗುತ್ತದೆ. ಸವೆದ ತಟ್ಟೆಯ ಆ ಕರಕರದ ಹಿಂದೆ ಹಾರ್ನ್ ಕಾಣಿಸಿಕೊಳ್ಳುವಾಗ ನನಗೆ ಷೋಕೇಸಿನ ಕ್ಯಾಸೆಟ್ಟಿನ ಸವೆದ ಜಾಗ ನೆನಪಾಯಿತು. 1950ರಲ್ಲಿ ಅಪ್ಪನಿಗೆ ಎಂಟು ವರ್ಷ, ಅಗ್ರಹಾರದ ಮನೆಯಲ್ಲಿದ್ದರು, ಅರಮನೆಗೆ ಐದು ನಿಮಿಷದ ನಡಿಗೆ. ಇಷ್ಟು ಹತ್ತಿರದಲ್ಲಿ ಇಷ್ಟೊಂದು ಹಾರ್ನ್ ಇತ್ತು.

ಲಂಡನ್ನಿನ ಆ ಸಂಜೆ ಫೆಸ್ಟಿವಲ್ ಹಾಲ್‌ನಿಂದ ಹೊರಬಂದು ನದಿಯ ದಂಡೆಯಲ್ಲಿ ನಿಂತು ಊರಿನಲ್ಲಿ ಬೆಳಗಿನ ಜಾವ ಎಂಬುದನ್ನೂ ಮರೆತು ಫೋನ್ ಮಾಡಿದೆ. ಅಪ್ಪ ಗಾಬರಿಯಿಂದಲೇ ಎತ್ತಿಕೊಂಡರು. ‘ಏನೂ ಆಗಿಲ್ಲ ಅಪ್ಪ, ಕೊಂಬು ಯಾರು ಎಂದು ಗೊತ್ತಾಯಿತು’ ಎಂದೆ. ಆ ಕಡೆ ಸ್ವಲ್ಪ ಹೊತ್ತು ಮೌನ. ‘ಇರು, ಕನ್ನಡಕ ಹಾಕಿಕೊಳ್ಳುತ್ತೇನೆ’ ಎಂದರು. ಡೈರಿ ತೆರೆಯುವ, ಪೆನ್ನಿನ ಮುಚ್ಚಳ ತೆಗೆಯುವ ಸದ್ದು ಕೇಳಿಸಿತು. ಅಕ್ಷರ ಅಕ್ಷರವಾಗಿ ಹೇಳಿಸಿಕೊಂಡರು. ಬು, ಯಾ, ನೋವ್, ಸ್ಕಿ. ಬರೆದದ್ದನ್ನು ನನಗೆ ಓದಿ ಹೇಳಿ ಸರಿಯೇ ಎಂದು ಕೇಳಿದರು. ಸರಿ ಎಂದೆ.

‘ಒಳ್ಳೆಯದಾಯಿತು ಪುಟ್ಟಿ’ ಎಂದರು. ಆಮೇಲೆ, ‘ಆತ ಉಸಿರು ತೆಗೆದುಕೊಳ್ಳುವಾಗ ನಡುವೆ ಹೂಂಗುಡುತ್ತದಲ್ಲ, ಆ ಕ್ಲಾರಿನೆಟ್ ಯಾರು?’